ಕ್ಯಾತ್ಸಂದ್ರದಲ್ಲಿ ಕೊಂಡ ಹಳೆಯ ವಾಲ್ವ್ ಪ್ರೀ-ಆಂಪ್

ಬಳಸಿದ ವಾಲ್ವ್ ಪ್ರೀ-ಆಂಪ್ (ಪ್ಲೇಯರಿನ ಸಂಕೇತವನ್ನು ಗಾಜಿನ ನಿರ್ವಾತ ಕೊಳವೆಗಳಿಂದ, ಅಂದರೆ ವಾಲ್ವಿನಿಂದ, ಹಿಗ್ಗಿಸಿ ಪವರ್ ಆಂಪ್ಲಿಫೈಯರ್‌ಗೆ ಕೊಡುವ ಪೆಟ್ಟಿಗೆ) ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ಅದರಲ್ಲಿ ಯಾವ ಕಂಪನಿಯ ವಾಲ್ವ್‌ಗಳಿವೆ ಎಂದು. ನನ್ನ ಪ್ರಕಾರ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ವಾಲ್ವನ್ನು ಸಾಕೆಟ್ಟಿನಿಂದ ಕಿತ್ತು ಬೇರೆಯದನ್ನು ಹಾಕಬಹುದು. ಮನೆಯಲ್ಲಿರುವ, ಸ್ಪೀಕರನ್ನು ನುಡಿಸುವ ಪವರ್ ಆಂಪ್ಲಿಫೈಯರ್‌ಗೆ ಹೊಂದದ ಸರ್ಕ್ಯೂಟನ್ನು ಅಷ್ಟು ಸುಲಭವಾಗಿ ಬದಲಾಯಿಸಲಾಗುವುದಿಲ್ಲ. ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ ಎರಡು ಪ್ರೀ-ಆಂಪ್‌ಗಳು ಮಾರಾಟಕ್ಕಿವೆ ಎಂದು ತಿಳಿದಾಗ, ಮಂಡಿಪೇಟೆಯಲ್ಲಿ ಬಹಳ ಕಾಲ ರೇಡಿಯೊ ರಿಪೇರಿ ಮಾಡಿದ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ.

ಒಂದು, 1960ರ ದಶಕದ ಅಮೆರಿಕದ ಡೈನಾಕೊ ಪಿಎಎಸ್-3. ನಾಲ್ಕು 12ಎಎಕ್ಸ್7 ವಾಲ್ವ್‌ಗಳಿರುವ, ನೋಡಲು ಚೆಂದದ ಪೆಟ್ಟಿಗೆ; ನಮ್ಮ 230 ವೋಲ್ಟಿಗೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಇನ್ನೊಂದು, ಯಾರೋ ಹವ್ಯಾಸಿ ಕೈಯಾರೆ ಜೋಡಿಸಿದ, ಹೆಸರು ಬರೆಯದ ಬೂದು ತಗಡಿನ ಪೆಟ್ಟಿಗೆ. ಅದರಲ್ಲಿ ಇಸಿಸಿ83, ಇಸಿಸಿ82 ವಾಲ್ವ್‌ಗಳಿದ್ದವು, ಅವುಗಳ ಮೇಲೆ ನಮ್ಮ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮುದ್ರೆಯಿತ್ತು.

ಹಿರಿಯರು ಯಾವುದನ್ನೂ ನೇರವಾಗಿ ಪ್ಲಗ್ಗಿಗೆ ಹಾಕಲು ಬಿಡಲಿಲ್ಲ. ಚೀಲದಿಂದ ಸೀರೀಸ್ ಬೋರ್ಡ್ ತೆಗೆದು, 60 ವ್ಯಾಟಿನ ಬಲ್ಬಿನ ಮೂಲಕವೇ ಕರೆಂಟು ಕೊಟ್ಟರು. ಬಲ್ಬು ಒಮ್ಮೆ ಉರಿದು ಮಂಕಾದರೆ ಒಳಗೆ ಶಾರ್ಟ್ ಇಲ್ಲವೆಂದು ತಿಳಿಯಬಹುದು. ಪೂರ್ತಿ ಉರಿಯುತ್ತಲೇ ಇದ್ದರೆ ಕೂಡಲೇ ಆರಿಸಬೇಕು. ಎರಡರಲ್ಲೂ ಅದು ಮಂಕಾಯಿತು. ಬಳಿಕ ಬಲ್ಬಿಲ್ಲದೆ ಕರೆಂಟಿಗೆ ಹಾಕಿ ಬಿಸಿಯಾಗಲು ಬಿಟ್ಟು, ಪೆನ್ಸಿಲ್ಲಿನ ತುದಿಯಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟಿದರು. ಡೈನಾಕೊದ ಒಂದು ವಾಲ್ವ್ ಮಾತ್ರ ಸ್ಪೀಕರಿನಲ್ಲಿ ಟಣ್ಣೆಂದಿತು. “ಇದನ್ನ ಬದಲಾಯಿಸಬಹುದು ಸಾರ್, ಇದಕ್ಕಾಗಿ ಸೆಟ್ ಬೇಡ ಅನ್ನಬೇಡಿ” ಎಂದರು.

ಡೈನಾಕೊ ಬೇಡವೆನ್ನಲು ನನಗೆ ಬೇರೆಯೇ ಕಾರಣವಿತ್ತು. ಆ ಕಾಲದ ವಾಲ್ವ್ ಪವರ್ ಆಂಪ್‌ಗಳ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಂಕೇತಕ್ಕೆ ಒಡ್ಡುವ ತಡೆ) ಲಕ್ಷಗಟ್ಟಲೆ ಓಮ್ ಇರುತ್ತಿತ್ತು. ಅದೇ ಕಂಪನಿಯ ಸ್ಟೀರಿಯೊ 70ರದ್ದು 4,70,000 ಓಮ್. ಅಂಥವುಗಳ ಜೊತೆಗೆ ಈ ಪ್ರೀ-ಆಂಪ್ ಸೊಗಸಾಗಿ ನುಡಿಯುತ್ತದೆ. ನನ್ನ ಟ್ರಾನ್ಸಿಸ್ಟರ್ ಆಂಪಿನದು ಬರೀ 10,000 ಓಮ್. ಪ್ರೀ-ಆಂಪಿನ ಔಟ್‌ಪುಟ್ಟಿನಲ್ಲಿರುವ ಕಂಡೆನ್ಸರ್ (ಡಿಸಿ, ಅಂದರೆ ಒಂದೇ ದಿಕ್ಕಿನ ವಿದ್ಯುತ್ತನ್ನು ತಡೆದು ಸ್ವರಗಳನ್ನು ಬಿಡುವ ಬಿಡಿಭಾಗ) ಚಿಕ್ಕದಾಗಿದ್ದರೆ ಇಷ್ಟು ಕಡಿಮೆ ಇಂಪೀಡೆನ್ಸಿಗೆ ತಗ್ಗಿನ ಸ್ವರಗಳು ಸೊರಗುತ್ತವೆ: 0.1 ಮೈಕ್ರೊಫ್ಯಾರಡ್ ಆದರೆ ಸುಮಾರು 160 ಹರ್ಟ್ಸ್‌ನಿಂದಲೇ ಇಳಿಕೆ ಶುರುವಾಗುತ್ತದೆ, 1 ಮೈಕ್ರೊಫ್ಯಾರಡ್ ಆದರೆ 16 ಹರ್ಟ್ಸ್‌ವರೆಗೆ ಚಿಂತೆಯಿಲ್ಲ. ಮೃದಂಗದ ಎಡಗಡೆಯ ಗುಂಕಿ ಕೇಳಿಸದ ಕಛೇರಿಗಾಗಿ ನಾನು ದುಡ್ಡು ಕೊಡುವುದಾದರೂ ಏಕೆ? ತಗಡಿನ ಪೆಟ್ಟಿಗೆಯಲ್ಲಿ ಇಸಿಸಿ82 ಅನ್ನು ಕ್ಯಾಥೋಡ್ ಫಾಲೋವರ್ (ಕಡಿಮೆ ಇಂಪೀಡೆನ್ಸಿನ ಆಂಪನ್ನೂ ನಡೆಸಬಲ್ಲ ಜೋಡಣೆ) ಆಗಿ ಜೋಡಿಸಿ, ಮುಂದೆ 1 ಮೈಕ್ರೊಫ್ಯಾರಡ್ ಕಂಡೆನ್ಸರ್ ಹಾಕಿದ್ದರು. ಜೋಡಿಸಿದವರಿಗೆ ತಾವು ಮಾಡುತ್ತಿರುವುದೇನೆಂದು ಗೊತ್ತಿತ್ತು.

ಆದರೆ ಆ ಕಂಡೆನ್ಸರ್‌ಗಳಿಗೆ ವಯಸ್ಸಾಗಿತ್ತು. ಔಟ್‌ಪುಟ್ಟಿಗೆ ಮಲ್ಟಿಮೀಟರ್ ಹಿಡಿದಾಗ ಎಡ ಚಾನೆಲ್ ಸೊನ್ನೆಯ ಹತ್ತಿರಕ್ಕೆ ಇಳಿಯಿತು. ಬಲ ಚಾನೆಲ್ ಎರಡೂವರೆ ವೋಲ್ಟ್ ಡಿಸಿಯಲ್ಲೇ ನಿಂತಿತು. ವಾಲ್ವಿನ ಕಡೆಯ ನೂರಾರು ವೋಲ್ಟನ್ನು ತಡೆದು ಸಂಗೀತವನ್ನಷ್ಟೇ ಆಚೆ ಬಿಡಬೇಕಾದ ಕಂಡೆನ್ಸರ್ ಹೀಗೆ ಸೋರಿದರೆ ಮುಂದಿನ ಆಂಪಿಗೂ ಸ್ಪೀಕರಿಗೂ ಅಪಾಯ. ಮೀಟರನ್ನು ಮಾರುವವರಿಗೂ ತೋರಿಸಿದೆವು. ಅವರು ತಕರಾರಿಲ್ಲದೆ ಬೆಲೆ ಇಳಿಸಿದರು.

ಕೊಂಡು ತಂದ ತಗಡಿನ ಪೆಟ್ಟಿಗೆಯನ್ನು ಹಿರಿಯರ ಮನೆಯಲ್ಲೇ ಬಿಚ್ಚಿದೆವು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರ್‌ಗಳು ಷಾಕ್ ಹೊಡೆಯುವಷ್ಟು ಚಾರ್ಜ್ ಹಿಡಿದಿಟ್ಟುಕೊಳ್ಳುವುದರಿಂದ, ರೆಸಿಸ್ಟರ್ ತಾಗಿಸಿ ಅದನ್ನು ಇಳಿಸಿ, ಮೀಟರಿನಲ್ಲಿ ನೋಡಿಕೊಂಡ ಮೇಲೆಯೇ ಅವರು ಕೈ ಹಾಕಿದ್ದು. ಔಟ್‌ಪುಟ್ಟಿನ ಎರಡೂ ಕಡೆ 400 ವೋಲ್ಟಿನ ಪಾಲಿಪ್ರೊಪಿಲೀನ್ ಕಂಡೆನ್ಸರ್ ಕೂರಿಸಿದರು. ವಾಲ್ವ್‌ಗಳನ್ನು ಮುಟ್ಟಲಿಲ್ಲ. ಈಗ ಉಳಿದಿರುವ ಕಿರಿಕಿರಿಯೆಂದರೆ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚಾಗಿರುವುದು: ಸಿಡಿ ಪ್ಲೇಯರ್ 2 ವೋಲ್ಟ್ ಕೊಡುವುದರಿಂದ ವಾಲ್ಯೂಮ್ ಸ್ವಲ್ಪ ತಿರುಗಿಸಿದರೂ ಸದ್ದು ಮನೆ ತುಂಬುತ್ತದೆ. ಇನ್‌ಪುಟ್ಟಿಗೆ ಎರಡೆರಡು ರೆಸಿಸ್ಟರ್ ಹಾಕಿ ಅದನ್ನು ತಗ್ಗಿಸುವ ಕೆಲಸ ಬಾಕಿಯಿದೆ.