ಬಲ್ಬಿಗೆ ಸರಿ, ಮೋಟಾರಿಗೆ ತಪ್ಪು

ಪಾಲಿಟೆಕ್ನಿಕ್ ಹುಡುಗರು ಪ್ರಾಜೆಕ್ಟಿಗೆ ಮಾಡಿದ ಪವರ್ ಮೀಟರ್ ಬೋರ್ಡೊಂದು ಮೊನ್ನೆ ನನ್ನ ಟೇಬಲ್ಲಿಗೆ ಬಂತು. 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬಿಗೆ 99 ತೋರಿಸುತ್ತದೆ. ಲೋಡ್ ಇಲ್ಲದೆ ತಿರುಗುವ ಮೋಟಾರ್ ಹಾಕಿದರೆ ಕಾಲು ಭಾಗ ಕಡಿಮೆ! ಅದರಲ್ಲಿದ್ದ ಎಲ್‌ಎಂ358 ಎಂಬ ಆಪ್ ಆಂಪ್ (ಸಿಗ್ನಲ್ ವರ್ಧಿಸುವ ಚಿಪ್) ತೆಗೆದು ದುಬಾರಿಯದ್ದು ಹಾಕಿ ನೋಡಿದರೂ ಅಷ್ಟೇ.

ಆಗಲೇಬೇಕು. 1 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್‌ನ ಆಪ್ ಆಂಪ್ ಬಫರ್ ಆಗಿದ್ದಾಗ (ಸಿಗ್ನಲನ್ನು ವರ್ಧಿಸದೆ ಹಾಗೇ ದಾಟಿಸುವಾಗ), 50 ಹರ್ಟ್ಸ್‌ನಲ್ಲಿ ಅದು ತರುವ ಫೇಸ್ ವ್ಯತ್ಯಾಸ, ಅಂದರೆ ಅಲೆ ಹಿಂದೆ ಬೀಳುವ ಪ್ರಮಾಣ, ಬರೀ 0.003 ಡಿಗ್ರಿ. ಕಾರಣ ಇದ್ದದ್ದು ಕರೆಂಟ್ ಅಳೆಯುವ ಚಾನಲ್‌ನ ಸ್ಯಾಲನ್-ಕೀ ಫಿಲ್ಟರಿನಲ್ಲಿ (ಆಪ್ ಆಂಪ್ ಬಳಸಿ ಹೆಚ್ಚಿನ ಫ್ರೀಕ್ವೆನ್ಸಿಗಳನ್ನು ತಡೆಯುವ ಸರ್ಕ್ಯೂಟ್). ಎರಡನೇ ಆರ್ಡರ್ ಬಟರ್‌ವರ್ತ್ ಎಂಬ ಬಗೆ, ಕಟ್‌ಆಫ್ (ತಡೆ ಶುರುವಾಗುವ ಫ್ರೀಕ್ವೆನ್ಸಿ) 500 ಹರ್ಟ್ಸ್. ವೋಲ್ಟೇಜ್ ಚಾನಲ್‌ಗೆ ಫಿಲ್ಟರೇ ಇರಲಿಲ್ಲ.

"50 ಹರ್ಟ್ಸ್ ಕಟ್‌ಆಫ್‌ನ ಹತ್ತನೇ ಒಂದು ಭಾಗ, ಅಲ್ಲಿ ಫಿಲ್ಟರ್ ಏನೂ ಮಾಡಲ್ಲ ಅಲ್ವಾ ಸರ್?" ಎಂದರು ಹುಡುಗರು. ಆಸಿಲ್ಲೋಸ್ಕೋಪಿನಲ್ಲಿ ಎತ್ತರ ನೋಡಿದರೆ ಹಾಗೇ ಕಾಣುತ್ತದೆ. ಕುಗ್ಗುವುದು ಶೇ 0.005 ಮಾತ್ರ. ಆದರೆ ಫೇಸ್ ಆಗಲೇ 8.1 ಡಿಗ್ರಿ ಹಿಂದೆ ಬಿದ್ದಿರುತ್ತದೆ, ಅಂದರೆ 0.45 ಮಿಲಿಸೆಕೆಂಡ್ ತಡ. ಬಟರ್‌ವರ್ತ್‌ನಲ್ಲಿ ಎತ್ತರ ಕುಗ್ಗುವುದು ಫ್ರೀಕ್ವೆನ್ಸಿ ಅನುಪಾತದ ನಾಲ್ಕನೇ ಘಾತದ ಲೆಕ್ಕದಲ್ಲಿ. ಫೇಸ್ ಮಾತ್ರ ನೇರವಾಗಿ ಆ ಅನುಪಾತದಂತೆಯೇ ಜಾರುತ್ತದೆ. ನನಗೆ ಫಿಲ್ಟರ್‌ಗಳಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದು. ಪಾಠದಲ್ಲಿ ಎತ್ತರದ ಗ್ರಾಫನ್ನೇ ಜಾಸ್ತಿ ಬಿಡಿಸುತ್ತೇವೆ, ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ.

ಪವರ್ ಎಂದರೆ ವೋಲ್ಟೇಜ್, ಕರೆಂಟ್, ಪವರ್ ಫ್ಯಾಕ್ಟರ್ ಮೂರರ ಗುಣಲಬ್ಧ. ಪವರ್ ಫ್ಯಾಕ್ಟರ್ ಎಂದರೆ ವೋಲ್ಟೇಜಿಗಿಂತ ಕರೆಂಟ್ ಎಷ್ಟು ಡಿಗ್ರಿ ಹಿಂದಿದೆಯೋ ಆ ಕೋನದ ಕಾಸ್ (ಕೊಸೈನ್). ಬಲ್ಬಿನ ಪವರ್ ಫ್ಯಾಕ್ಟರ್ 1. ಕಾಸ್ 8.1 ಎಂದರೆ 0.99, ತಪ್ಪು ಶೇ 1. ಮೋಟಾರಿನಲ್ಲಿ ಕರೆಂಟ್ ಮೊದಲೇ 60 ಡಿಗ್ರಿ ಹಿಂದಿತ್ತು. ಅದು 68.1 ಆದಾಗ 0.5 ಇರಬೇಕಾದದ್ದು 0.37ಕ್ಕೆ ಇಳಿಯುತ್ತದೆ. ಕಾಣೆಯಾದ ಕಾಲು ಭಾಗ ಇದೇ.

ಎರಡೂ ಚಾನಲ್‌ಗೆ ಒಂದೇ ಫಿಲ್ಟರ್ ಹಾಕಿದರೆ ತಡ ಎರಡೂ ಕಡೆ ಒಂದೇ ಆಗುತ್ತದೆ. ಆದರೆ ಕೆಪಾಸಿಟರ್‌ಗಳು ಒಂದರಂತೆ ಒಂದು ಇರುವುದಿಲ್ಲ. ಎರಡು ಫಿಲ್ಟರ್‌ಗಳ ಕಟ್‌ಆಫ್ ಶೇ 10 ಬೇರೆಯಾದರೂ ಸುಮಾರು 0.8 ಡಿಗ್ರಿ ಉಳಿಯುತ್ತದೆ. ಆ ಮೋಟಾರಿಗೆ ಅದು ಶೇ 2.4 ತಪ್ಪು. ಹಾಗಾಗಿ ಕಟ್‌ಆಫನ್ನೇ 5 ಕಿಲೋಹರ್ಟ್ಸ್‌ಗೆ ಏರಿಸಿ, ಸ್ಯಾಂಪ್ಲಿಂಗ್ ವೇಗವನ್ನೂ ಹೆಚ್ಚಿಸಿ ಎಂದೆ. ಆಗ ವ್ಯತ್ಯಾಸ 0.08 ಡಿಗ್ರಿ.

ಆಪ್ ಆಂಪ್ ಯಾವತ್ತೂ ಕಾರಣವಲ್ಲ ಅಂತಲ್ಲ. ಅದೇ 1 ಮೆಗಾಹರ್ಟ್ಸ್‌ನದ್ದರಿಂದ 10 ಪಟ್ಟು ಗೇನ್ (ವರ್ಧನೆ) ತೆಗೆದು 10 ಕಿಲೋಹರ್ಟ್ಸ್ ಕೊಟ್ಟರೆ, ಅದೊಂದೇ 5.7 ಡಿಗ್ರಿ ಹಿಂದೆ ಎಳೆಯುತ್ತದೆ. ಅಲ್ಲಿ 3 ಮೆಗಾಹರ್ಟ್ಸ್‌ನ ಟಿಎಲ್072 ಹಾಕಿದರೆ 1.9ಕ್ಕೆ ಇಳಿಯುತ್ತದೆ.