ಹಳೆಯ ಹೋಮ್ ಕಂಪ್ಯೂಟರ್ ಪಾಲೋ, ಎನ್‌ಟಿಎಸ್‌ಸಿಯೋ?

ಕಾಸರಗೋಡಿನ ಸುತ್ತಮುತ್ತಲಿನ ಮನೆಗಳ ಅಟ್ಟದಿಂದ ಕೆಳಗಿಳಿದು ನನ್ನ ಮೇಜಿಗೆ ಬರುವ ಹಳೆಯ ಹೋಮ್ ಕಂಪ್ಯೂಟರುಗಳು ಯಾವ ದೇಶದ ಮಾರುಕಟ್ಟೆಗಾಗಿ ತಯಾರಾದವು ಎಂದು ಹೊರಗಿನಿಂದ ನೋಡಿ ಹೇಳುವುದು ಸುಲಭವಲ್ಲ. 1980ರ ದಶಕದಲ್ಲಿ ಕೊಲ್ಲಿಯಲ್ಲಿ ದುಡಿಯುತ್ತಿದ್ದವರು ದುಬೈಯಿಂದಲೋ ಕುವೈತಿನಿಂದಲೋ ತಂದವು ಕೆಲವು, ಅಮೆರಿಕದಲ್ಲಿದ್ದ ನೆಂಟರು ಕೊಟ್ಟು ಹೋದವು ಕೆಲವು, ಇಂಗ್ಲೆಂಡಿನಿಂದ ಬಂದವು ಇನ್ನು ಕೆಲವು. ಟಿವಿ ರಿಪೇರಿಯ ಕೆಲಸ ಕಡಿಮೆಯಾದ ಮೇಲೆ ಇಂತಹ ಯಂತ್ರಗಳನ್ನು ಸರಿಪಡಿಸುವುದೇ ನನ್ನ ಕಸುಬಿನ ಒಂದು ಭಾಗವಾಗಿದೆ. ‘ಚಿತ್ರ ಬರುತ್ತದೆ, ಬಣ್ಣ ಬರುವುದಿಲ್ಲ’ ಅಥವಾ ‘ಚಿತ್ರ ಮೇಲೆ ಮೇಲೆ ಓಡುತ್ತದೆ’ ಎಂಬ ದೂರಿನೊಂದಿಗೆ ಬರುವ ಯಂತ್ರಗಳಲ್ಲಿ ಅನೇಕ ಸಲ ಏನೂ ಕೆಟ್ಟಿರುವುದಿಲ್ಲ. ಪಾಲ್, ಎನ್‌ಟಿಎಸ್‌ಸಿ ಎಂಬ ಬಣ್ಣದ ಟಿವಿಯ ಪದ್ಧತಿಗಳಲ್ಲಿ ಯಂತ್ರದ್ದು ಒಂದು, ಟಿವಿಯದು ಇನ್ನೊಂದು ಆಗಿರುತ್ತದೆ, ಅಷ್ಟೇ. ಆದ್ದರಿಂದ ಸೋಲ್ಡರಿಂಗ್ ಐರನ್ ಬಿಸಿ ಮಾಡುವ ಮೊದಲು ಪದ್ಧತಿಯನ್ನು ಗುರುತಿಸುವುದು ನನ್ನ ಅಂಗಡಿಯ ನಿಯಮ.

ಪದ್ಧತಿ ಎಂದರೆ ಒಂದೇ ಸಂಗತಿಯಲ್ಲ, ಎರಡು. ಸೆಕೆಂಡಿಗೆ ಎಷ್ಟು ಸಲ, ಎಷ್ಟು ಗೆರೆಗಳಲ್ಲಿ ಪರದೆಯನ್ನು ಬರೆಯಲಾಗುತ್ತದೆ ಎಂಬುದು ಮೊದಲನೆಯದು. ಬಣ್ಣವನ್ನು ಯಾವ ರೀತಿಯಲ್ಲಿ, ಯಾವ ಆವರ್ತನದ ಮೇಲೆ ಕಳುಹಿಸಲಾಗುತ್ತದೆ ಎಂಬುದು ಎರಡನೆಯದು. ಭಾರತದಲ್ಲಿ 1982ರಲ್ಲಿ ಬಣ್ಣದ ಪ್ರಸಾರ ಆರಂಭವಾದಾಗಿನಿಂದ ನಾವು ಕಂಡ ಪಾಲ್‌ನಲ್ಲಿ 625 ಗೆರೆಗಳು, 50 ಹರ್ಟ್ಜ್, ಬಣ್ಣಕ್ಕೆ ಸುಮಾರು 4.43 ಮೆಗಾಹರ್ಟ್ಜ್. ಅಮೆರಿಕ, ಜಪಾನುಗಳ ಎನ್‌ಟಿಎಸ್‌ಸಿಯಲ್ಲಿ 525 ಗೆರೆಗಳು, ಸುಮಾರು 60 ಹರ್ಟ್ಜ್, ಬಣ್ಣಕ್ಕೆ ಸುಮಾರು 3.58 ಮೆಗಾಹರ್ಟ್ಜ್. ಈ ಎರಡು ಗುಣಗಳು ಸದಾ ಜೋಡಿಯಾಗಿಯೇ ಬರುತ್ತವೆ ಎಂದು ನಂಬಿದರೆ ಮುಂದಿನ ತೀರ್ಮಾನಗಳೆಲ್ಲ ಹಳಿ ತಪ್ಪುತ್ತವೆ. ಬ್ರೆಜಿಲಿನಲ್ಲಿ 525 ಗೆರೆಗಳ ಪಾಲ್ ಇತ್ತು. ಅರ್ಜೆಂಟೀನಾದಲ್ಲಿ 625 ಗೆರೆಗಳ ಪಾಲ್ ಇದ್ದರೂ ಅದರ ಬಣ್ಣದ ಆವರ್ತನ 3.58ರ ಆಸುಪಾಸಿನಲ್ಲಿತ್ತು. ಸೆಕಾಮ್ ಎಂಬ ಮೂರನೆಯ ಪದ್ಧತಿ ಇದ್ದ ಫ್ರಾನ್ಸಿನಲ್ಲಿ 1980ರಿಂದ ಹೊಸ ಟಿವಿಗಳಿಗೆ ಹಲವು ಕಾಲುಗಳ ಸ್ಕಾರ್ಟ್ ಸಾಕೆಟ್ ಕಡ್ಡಾಯವಾದ್ದರಿಂದ ಅಲ್ಲಿನ ಹಲವು ಕಂಪ್ಯೂಟರುಗಳು ನೇರವಾಗಿ ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆ ತಂತಿಗಳಲ್ಲಿ ಕೊಟ್ಟು ಈ ತಕರಾರಿನಿಂದಲೇ ಪಾರಾದವು.

ಅಡಿಯ ಲೇಬಲ್ ಮತ್ತು ಅಡಾಪ್ಟರನ್ನು ನಾನು ನೋಡುತ್ತೇನೆ, ಆದರೆ ಅವುಗಳ ಮಾತಿನ ಮೇಲೆ ತೀರ್ಪು ಕೊಡುವುದಿಲ್ಲ. ಮೂವತ್ತು ನಲವತ್ತು ವರ್ಷಗಳಲ್ಲಿ ಅಡಾಪ್ಟರು ಬದಲಾಗಿರುತ್ತದೆ; ಒಡೆದ ಪೆಟ್ಟಿಗೆಗೆ ಬೇರೊಂದು ಯಂತ್ರದ ಮುಚ್ಚಳ ಕೂತಿರುತ್ತದೆ. ಅಡಾಪ್ಟರಿನ ಮೇಲೆ 110 ಅಥವಾ 120 ವೋಲ್ಟ್ ಎಂದಿದ್ದರೆ ಅದನ್ನು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪ್ಲಗ್ಗಿಗೆ ಸಿಕ್ಕಿಸಬಾರದು ಎಂಬುದಷ್ಟೇ ಅದರಿಂದ ಖಚಿತವಾಗಿ ತಿಳಿಯುವ ವಿಷಯ.

ಬದಿಯಡ್ಕದ ಕಡೆಯ ಒಬ್ಬ ಹುಡುಗ, ‘ಅಣ್ಣ, ನಮ್ಮ ಕರೆಂಟು 50 ಹರ್ಟ್ಜ್ ಅಲ್ಲವಾ, ಹಾಗಾದರೆ ಇಲ್ಲಿ ಹಾಕಿದ ಕಂಪ್ಯೂಟರೂ 50ರಲ್ಲೇ ಓಡಬೇಕಲ್ಲ?’ ಎಂದು ಕೇಳಿದ್ದ. ಪ್ರಶ್ನೆ ತಾರ್ಕಿಕವಾಗಿಯೇ ಇದೆ, ಆದರೆ ಅಡಾಪ್ಟರು ಡಿಸಿ ಮಾಡಿ ಕೊಟ್ಟ ಮೇಲೆ ಗೋಡೆಯ ಕರೆಂಟಿನ ಆವರ್ತನಕ್ಕೂ ಚಿತ್ರಕ್ಕೂ ಸಂಬಂಧ ಉಳಿಯುವುದಿಲ್ಲ. ಚಿತ್ರದ ಲಯವನ್ನು ನಿಶ್ಚಯಿಸುವುದು ಬೋರ್ಡಿನ ಮೇಲಿನ ಕ್ರಿಸ್ಟಲ್ ಮತ್ತು ವಿಡಿಯೋ ಐಸಿ. (ಕಮೋಡೋರ್ 64ರಲ್ಲಿ ಸಿಐಎ ಎಂಬ ಹೆಸರಿನ ಐಸಿಯಲ್ಲಿರುವ ಗಡಿಯಾರ ಮಾತ್ರ ಅಡಾಪ್ಟರಿನಿಂದ ಬರುವ 9 ವೋಲ್ಟ್ ಎಸಿಯ ಅಲೆಗಳನ್ನೇ ಎಣಿಸುತ್ತದೆ. ಅದನ್ನು 60 ಹರ್ಟ್ಜ್‌ಗೆ ಹೊಂದಿಸಿಟ್ಟರೆ ಇಲ್ಲಿ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ.)

ಹೀಗಾಗಿ ಪೆಟ್ಟಿಗೆ ಬಿಚ್ಚಿ ವಿಡಿಯೋ ಐಸಿಯ ಸಂಖ್ಯೆಯನ್ನು ಓದುವುದೇ ಹೆಚ್ಚು ಭರವಸೆಯ ದಾರಿ. ಕಮೋಡೋರ್ 64ರ ಹಲವು ಬೋರ್ಡುಗಳಲ್ಲಿ ಈ ಐಸಿ ಸಣ್ಣ ತಗಡಿನ ಡಬ್ಬಿಯೊಳಗಿದ್ದು, ಮುಚ್ಚಳದ ಒಂದು ನಾಲಿಗೆ ಬಿಳಿ ಪೇಸ್ಟಿನ ಮೂಲಕ ಅದರ ಬೆನ್ನಿಗೆ ತಾಗಿರುತ್ತದೆ. ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಹಾಕಿದ ಹತ್ತಿಯಿಂದ ನಿಧಾನವಾಗಿ ಒರೆಸಿ, ಟಾರ್ಚನ್ನು ಅಡ್ಡಲಾಗಿ ಹಿಡಿದರೆ ಅಕ್ಷರಗಳು ಕಾಣುತ್ತವೆ: 6569 ಅಥವಾ 8565 ಇದ್ದರೆ ಪಾಲ್, 6567 ಅಥವಾ 8562 ಇದ್ದರೆ ಎನ್‌ಟಿಎಸ್‌ಸಿ, 6572 ಇದ್ದರೆ ಅರ್ಜೆಂಟೀನಾ ಕಡೆಯ ಪಾಲ್. ಕೆಳಗಿನ ಸಾಲಿನಲ್ಲಿರುವ ನಾಲ್ಕು ಅಂಕೆಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆಯೇ ಹೊರತು ಐಸಿಯ ಸಂಖ್ಯೆಯನ್ನಲ್ಲ. ಫೋಟೋ ನೋಡಿ ತೀರ್ಮಾನಿಸುವವರು ಇವೆರಡನ್ನು ಆಗಾಗ ಅದಲು ಬದಲು ಮಾಡುತ್ತಾರೆ. ಐಸಿಗೆ ತಕ್ಕ ಕ್ರಿಸ್ಟಲ್ ಕೂಡ ಇರಬೇಕು. ಪಾಲ್ ಬೋರ್ಡಿನಲ್ಲಿ 17.734475, ಎನ್‌ಟಿಎಸ್‌ಸಿ ಬೋರ್ಡಿನಲ್ಲಿ 14.31818 ಮೆಗಾಹರ್ಟ್ಜ್ ಇರುತ್ತದೆ, ಎರಡೂ ಆಯಾ ಬಣ್ಣದ ಆವರ್ತನದ ನಾಲ್ಕರಷ್ಟು. ಐಸಿ ಒಂದು ಪದ್ಧತಿಯದು, ಕ್ರಿಸ್ಟಲ್ ಇನ್ನೊಂದು ಪದ್ಧತಿಯದು ಎಂದು ಕಂಡರೆ ಯಾರೋ ಅರ್ಧ ಬದಲಾವಣೆ ಮಾಡಿ ಬಿಟ್ಟಿದ್ದಾರೆ ಎಂದೇ ಅರ್ಥ, ಆಗ ಬಣ್ಣ ಬರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದರೆ ಈ ಕ್ರಿಸ್ಟಲ್ ಲೆಕ್ಕವನ್ನು ಹಾಗೆಯೇ ಎಂಎಸ್‌ಎಕ್ಸ್ ಯಂತ್ರಗಳಿಗೆ, ಅಂದರೆ ಹಲವು ಕಂಪನಿಗಳು ಒಂದೇ ಮಾದರಿಯಲ್ಲಿ ತಯಾರಿಸಿದ ಹೋಮ್ ಕಂಪ್ಯೂಟರುಗಳಿಗೆ ಒಯ್ದರೆ ಮೋಸ ಹೋಗುತ್ತೇವೆ. ನಮ್ಮಲ್ಲಿ ಎಂಎಸ್‌ಎಕ್ಸ್ ಅಪರೂಪವೇನಲ್ಲ. ಕುವೈತಿನ ಅಲ್ ಅಲಾಮಿಯಾ ಸಂಸ್ಥೆ ಸಖ್ರ್ ಎಂಬ ಹೆಸರಿನಲ್ಲಿ ಅರಬಿ ಕೀಲಿಮಣೆಯ ಎಂಎಸ್‌ಎಕ್ಸ್‌ಗಳನ್ನು ಮಾರುತ್ತಿತ್ತು. ಉಪ್ಪಳದ ಹಿರಿಯರೊಬ್ಬರು ತಂದ ಅಂತಹದೊಂದು ಅರಬಿ ಯಂತ್ರದ ಬೋರ್ಡಿನಲ್ಲಿ 10.738635 ಮೆಗಾಹರ್ಟ್ಜ್ ಕ್ರಿಸ್ಟಲ್ ಇದ್ದುದನ್ನು ಕಂಡು, ಅದು 3.579545ರ ಮೂರರಷ್ಟು ಎಂದು ಗುಣಿಸಿ ನೋಡಿ, ಇದು ಎನ್‌ಟಿಎಸ್‌ಸಿ ಎಂದು ಬೇರೊಬ್ಬರು ಚೀಟಿ ಅಂಟಿಸಿ ಕಳುಹಿಸಿದ್ದರು. ಲೆಕ್ಕ ಸರಿ, ತೀರ್ಪು ತಪ್ಪು. ಎಂಎಸ್‌ಎಕ್ಸ್‌ನ ಪ್ರೊಸೆಸರು ಎಲ್ಲ ದೇಶಗಳಲ್ಲೂ 3.58 ಮೆಗಾಹರ್ಟ್ಜ್‌ನಲ್ಲೇ ಓಡುತ್ತದೆ, ಮತ್ತು ಮೊದಲ ಪೀಳಿಗೆಯಲ್ಲಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ವಿಡಿಯೋ ಐಸಿ ಪಾಲ್ ಮಾದರಿಯಲ್ಲೂ ಅದೇ 10.738635 ಕ್ರಿಸ್ಟಲನ್ನೇ ಬಳಸುತ್ತದೆ. ಟಿಎಂಎಸ್ 9918ಎ ಎನ್‌ಟಿಎಸ್‌ಸಿ ಬಣ್ಣವನ್ನು ತಾನೇ ತಯಾರಿಸುತ್ತದೆ. 9928ಎ 525 ಗೆರೆಗಳಲ್ಲಿ, 9929ಎ 625 ಗೆರೆಗಳಲ್ಲಿ ಬೆಳಕು ಮತ್ತು ಬಣ್ಣದ ವ್ಯತ್ಯಾಸಗಳನ್ನು ಮೂರು ಪ್ರತ್ಯೇಕ ಕಾಲುಗಳಲ್ಲಿ ಹೊರಗೆ ಕೊಡುತ್ತವೆ. ಪಾಲ್ ಬಣ್ಣ ಹುಟ್ಟುವುದು ಅವನ್ನು ಒಂದೇ ಸಂಕೇತವಾಗಿ ಸೇರಿಸುವ ಮುಂದಿನ ಎನ್ಕೋಡರಿನಲ್ಲಿ. ಆದ್ದರಿಂದ ನಾನು ವಿಡಿಯೋ ಐಸಿಯಿಂದ ಹೊರಟ ಗೆರೆಗಳನ್ನು ಎವಿ ಸಾಕೆಟ್ಟಿನವರೆಗೆ ಹಿಂಬಾಲಿಸಿದೆ, ಮತ್ತು ಆ್ಯಂಟೆನಾ ಸಾಕೆಟ್ಟಿಗೆ ಸಂಕೇತ ಕೊಡುವ ಮಾಡ್ಯುಲೇಟರಿನ ಪಕ್ಕದ ಮೂಲೆಯಲ್ಲಿ 4.433619 ಎಂದು ಬರೆದ ಎರಡನೆಯ ಸಣ್ಣ ಕ್ರಿಸ್ಟಲ್ ಸಿಕ್ಕಿತು. ಅದರ ಒಂದು ಕಾಲಿನ ಸೋಲ್ಡರ್ ಸುತ್ತ ಉಂಗುರದಂತೆ ಬಿರುಕು ಬಿಟ್ಟಿತ್ತು. ಆ ಕಾಲಿಗೆ ಹೊಸ ಸೋಲ್ಡರ್ ಹಾಕಿದ ಮೇಲೆ ಬಣ್ಣ ಬಂತು.

ಯಂತ್ರ ಚಾಲೂ ಆಗುವುದಾದರೆ ಬಿಚ್ಚದೆಯೇ ಅದರ ಬೇಸಿಕ್ ಭಾಷೆಯಲ್ಲಿ, ನೆನಪಿನ ಒಂದು ಜಾಗದ ಅಂಕೆಯನ್ನು ಓದುವ ಪೀಕ್ ಆದೇಶದ ಮೂಲಕ ಕೇಳಿ ನೋಡಬಹುದು, ಆದರೆ ಉತ್ತರ ಎಲ್ಲಿಂದ ಬರುತ್ತದೆ ಎಂಬುದು ತಿಳಿದಿರಬೇಕು. ಕಮೋಡೋರ್ 64ರಲ್ಲಿ ಪ್ರಿಂಟ್ ಪೀಕ್(678) ಎಂದಾಗ 1 ಬಂದರೆ ಪಾಲ್, 0 ಬಂದರೆ ಎನ್‌ಟಿಎಸ್‌ಸಿ; ಯಂತ್ರ ಪ್ರತಿ ಸಲ ಚಾಲೂ ಆಗುವಾಗ 311ನೇ ಗೆರೆ ಬರುತ್ತದೆಯೇ ಎಂದು ತಾನೇ ಪರೀಕ್ಷಿಸಿ ಆ ಅಂಕೆಯನ್ನು ಬರೆದಿಡುತ್ತದೆ, ಆದ್ದರಿಂದ ಅದು ನಂಬಿಕೆಗೆ ಅರ್ಹ. ಅಟಾರಿ ಯಂತ್ರಗಳಲ್ಲಿ ಪೀಕ್(53268) ಪಾಲ್ ಆದರೆ 1, ಎನ್‌ಟಿಎಸ್‌ಸಿ ಆದರೆ 15 ಕೊಡುತ್ತದೆ, ಅದನ್ನು ಹೇಳುವುದು ವಿಡಿಯೋ ಐಸಿಯೇ. ಎಂಎಸ್‌ಎಕ್ಸ್‌ನಲ್ಲಿ ಪೀಕ್(43) ಕೊಡುವ ಸಂಖ್ಯೆ 128 ಅಥವಾ ಹೆಚ್ಚಿದ್ದರೆ 50 ಹರ್ಟ್ಜ್, ಕಡಿಮೆಯಿದ್ದರೆ 60 ಹರ್ಟ್ಜ್. ಆದರೆ ಇದು ರಾಮ್ ಅಲ್ಲ, ಕಾರ್ಖಾನೆಯಲ್ಲಿ ರೋಮಿನೊಳಗೆ ಬರೆದಿಟ್ಟ ಮಾತು, ಅಳತೆ ಮಾಡಿದ್ದಲ್ಲ. ರೋಮ್ ಬದಲಾಗಿದ್ದರೆ ಉತ್ತರವೂ ಬದಲಾಗುತ್ತದೆ. ಎಂಎಸ್‌ಎಕ್ಸ್ 2ರಲ್ಲಿರುವ ವಿ9938 ಐಸಿಯಂತೂ ಒಂದು ಬಿಟ್ ಬದಲಿಸಿದರೆ 50ರಿಂದ 60ಕ್ಕೆ ಜಿಗಿಯುವುದರಿಂದ ಅದರ ಸಂಖ್ಯೆ ಓದಿ ಪ್ರಯೋಜನವೇ ಇಲ್ಲ. ಈ ಯಾವ ಪೀಕ್ ಕೂಡ ಬಣ್ಣದ ಆವರ್ತನವನ್ನು ಹೇಳುವುದಿಲ್ಲ. 6572 ಇರುವ ಅರ್ಜೆಂಟೀನಾದ ಕಮೋಡೋರಿನಲ್ಲೂ 1 ಎಂದೇ ಬರುತ್ತದೆ, ಆದರೆ ನಮ್ಮ ಟಿವಿಯಲ್ಲಿ ಅದು ಕಪ್ಪು ಬಿಳುಪು.

ಕೀಲಿಮಣೆ ಸತ್ತಿದ್ದರೆ ಸಂಕೇತದ ಅಲೆಗಳನ್ನು ತೋರಿಸುವ ಸ್ಕೋಪ್ ಇದೆ. ಪಾಲ್ ಕಮೋಡೋರ್ 64ರಲ್ಲಿ ಪರದೆ ಸೆಕೆಂಡಿಗೆ 50.12 ಸಲ, ಎನ್‌ಟಿಎಸ್‌ಸಿಯದರಲ್ಲಿ 59.83 ಸಲ ಎಂದು ಕೌಂಟರ್ ತೋರಿಸುತ್ತದೆ; ಝಡ್‌ಎಕ್ಸ್ ಸ್ಪೆಕ್ಟ್ರಮ್‌ನಲ್ಲಿ 50.08. ಪೂರ್ತಿ 50 ಬರಲಿಲ್ಲವೆಂದು ಗಾಬರಿಯಾಗಬೇಕಾಗಿಲ್ಲ, ಈ ಯಂತ್ರಗಳು ಪ್ರಸಾರದಂತೆ 312 ಮತ್ತು ಅರ್ಧ ಗೆರೆಗಳನ್ನು ಬರೆಯದೆ ಪೂರ್ತಿ 312 ಗೆರೆಗಳಲ್ಲೇ ಮುಗಿಸುತ್ತವೆ. ಅಗ್ಗದ ಎಚ್‌ಡಿಎಂಐ ಕನ್ವರ್ಟರುಗಳು ಮುಗ್ಗರಿಸುವುದಕ್ಕೂ ಇಂತಹ ಸಂಕೇತವೇ ಹಲವು ಸಲ ಕಾರಣ. ದೂರದವರು ಪರದೆಯ ಫೋಟೋ ಮಾತ್ರ ಕಳುಹಿಸಿದಾಗ ನಾನು ಮೇಲಿನ ಮತ್ತು ಕೆಳಗಿನ ಅಂಚಿನ ದಪ್ಪವನ್ನು ನೋಡುತ್ತೇನೆ: 200 ಗೆರೆಗಳ ಅದೇ ಬರಹ ಎನ್‌ಟಿಎಸ್‌ಸಿಯಲ್ಲಿ ಪರದೆಯನ್ನು ಬಹುಮಟ್ಟಿಗೆ ತುಂಬುತ್ತದೆ, ಪಾಲ್‌ನಲ್ಲಿ ಮೇಲೂ ಕೆಳಗೂ ಅಗಲವಾದ ಪಟ್ಟಿ ಉಳಿಯುತ್ತದೆ.

ಎನ್‌ಟಿಎಸ್‌ಸಿ ಎಂದು ತಿಳಿದ ಮೇಲೆ ‘ಪಾಲ್ ಮಾಡಿಕೊಡಿ’ ಎಂದು ಕೇಳುವವರಿದ್ದಾರೆ. ಐಸಿ, ಕ್ರಿಸ್ಟಲ್ ಎರಡನ್ನೂ ಬದಲಿಸಿ ಮಾಡಬಹುದು, ಆದರೆ ನಾನು ಒಪ್ಪುವುದು ಕಡಿಮೆ. ಅದಕ್ಕಾಗಿ ಇನ್ನೊಂದು ಹಳೆಯ ಯಂತ್ರದ ಐಸಿಯನ್ನು ಕೀಳಬೇಕು; ಅದೂ ಅಲ್ಲದೆ 60 ಹರ್ಟ್ಜ್‌ಗೆ ಬರೆದ ಆಟದ ಸಂಗೀತ 50ರಲ್ಲಿ ಆರನೇ ಒಂದು ಭಾಗ ನಿಧಾನವಾಗುತ್ತದೆ. ಕೊಲ್ಲಿಯಿಂದ ಬಂದ ಹಳೆಯ ಟಿವಿಗಳಲ್ಲಿ ಮಲ್ಟಿಸಿಸ್ಟಮ್ ಇರುವವು ಇಲ್ಲಿ ಇನ್ನೂ ಸಿಗುತ್ತವೆ, ಅವು ಎರಡನ್ನೂ ಬಣ್ಣದಲ್ಲೇ ತೋರಿಸುತ್ತವೆ.

ಪಾಲ್ ಎಂದು ಖಚಿತವಾದ ಮೇಲೂ ಒಂದು ತಕರಾರು ಉಳಿಯಬಹುದು. ಇಂಗ್ಲೆಂಡಿಗೆಂದು ಮಾಡಿದ ಕಮೋಡೋರ್ 64ನ್ನು ಆ್ಯಂಟೆನಾ ಸಾಕೆಟ್ಟಿನ ಮೂಲಕ ನಮ್ಮ ಟಿವಿಗೆ ಜೋಡಿಸಿ, ಯುಎಚ್‌ಎಫ್‌ನಲ್ಲಿ 36ನೇ ಚಾನೆಲ್ಲಿನ ಸುತ್ತ ಹುಡುಕಿದರೆ ಚಿತ್ರ ಬಣ್ಣದಲ್ಲೇ ಬರುತ್ತದೆ, ಆದರೆ ಧ್ವನಿಯ ಜಾಗದಲ್ಲಿ ಬರೀ ಗೊರಗೊರ ಶಬ್ದ. ಅಲ್ಲಿ ಧ್ವನಿ ಚಿತ್ರದಿಂದ 6 ಮೆಗಾಹರ್ಟ್ಜ್ ದೂರದಲ್ಲಿದೆ, ನಮ್ಮಲ್ಲಿ 5.5. ಧ್ವನಿಯ ಐಸಿ ಕೆಟ್ಟಿದೆ ಎಂದು ಅದನ್ನು ಬದಲಿಸುವ ಅಗತ್ಯವಿಲ್ಲ. ಹಿಂಬದಿಯ ಎವಿ ಸಾಕೆಟ್ಟಿನಿಂದ ಚಿತ್ರ ಮತ್ತು ಧ್ವನಿಗೆ ಬೇರೆ ಬೇರೆ ತಂತಿ ಎಳೆದರೆ ಸಾಕು.