ಫ್ರಿಜ್ ಮೇಲಿನ ಡಬ್ಬಿ

ತಮ್ಮನ ಮಗ ಜಿಮ್ ಸೇರಿದ್ದಾನೆ. ಮೊನ್ನೆ ಒಂದು ದೊಡ್ಡ ಡಬ್ಬಿ ತಂದು ಫ್ರಿಜ್ ಮೇಲಿಟ್ಟ. ಚಾಕೊಲೇಟ್ ವಾಸನೆಯ ಪುಡಿ. ಹಿಂದಿನ ಅಕ್ಷರ ಎಷ್ಟು ಸಣ್ಣದು ಅಂದರೆ, ಕನ್ನಡಕ ಹಾಕಿ ಕಿಟಕಿ ಹತ್ತಿರ ಹಿಡಿದರೂ ಅರ್ಧ ಓದಲಾಗಲಿಲ್ಲ.

ನಮ್ಮ ಕುಂದಾಪುರ ಕಡೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ನೆನಪಾದರು. 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ರಿಲೇಯಲ್ಲಿ ಇನ್ನೊಂದು. ಊರೆಲ್ಲ ಅದೇ ಮಾತು. ಮರುವರ್ಷವೇ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ನಿಷೇಧಿತ ಸ್ಟೆರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್ಸೆಂಗ್ ಎಂಬ ಬೇರಿನ ಮಾತ್ರೆಯಿಂದ ಬಂದದ್ದು, ನಮಗೆ ಗೊತ್ತೇ ಇರಲಿಲ್ಲ ಅಂದರು, ಅವರೂ ಜೊತೆಯ ಓಟಗಾರ್ತಿಯರೂ. ಮೊದಲು ಒಂದು ವರ್ಷ ನಿಷೇಧ. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಹೋಯ್ತು.

ಮೈಯಲ್ಲಿ ಏನು ಸಿಕ್ಕರೂ ಹೊಣೆ ಓಡುವವರದ್ದೇ, ಇದು ನಿಯಮ. ಇಲ್ಲದಿದ್ದರೆ ಎಲ್ಲರೂ ಡಬ್ಬಿ ತೋರಿಸುತ್ತಾರೆ, ಸರಿಯೇ. ಆದರೂ ಕೋಚ್ ಕೈಯಲ್ಲಿಟ್ಟ ಮಾತ್ರೆಯನ್ನು ಬೇಡ ಅನ್ನುವ ಧೈರ್ಯ ಇಪ್ಪತ್ಮೂರರ ಹುಡುಗಿಗೆ ಎಲ್ಲಿಂದ ಬರಬೇಕು? ನನಗಂತೂ ಬರುತ್ತಿರಲಿಲ್ಲ.

"ಇದರಲ್ಲಿ ಏನೇನಿದೆಯೋ?" ಅಂತ ಹುಡುಗನನ್ನು ಕೇಳಿದೆ. "ಪ್ರೋಟೀನ್ ದೊಡ್ಡಪ್ಪ, ಸುಮ್ನೆ ಇರಿ" ಅಂದ. ಎರಡು ಚಮಚ ಪುಡಿ ಹಾಲಿಗೆ ಸುರಿದುಕೊಂಡ.